ತಪ್ಪಲೆಯ ಸದ್ದಿಗೆ ಬಂದದ್ದು

ನಮ್ಮೂರ ಹೊಳೆಯಲ್ಲಿ ಶಾರ್ಕ್ ಇದೆ ಎಂಬ ಸುದ್ದಿ ಮಂಗಳವಾರ ಬೆಳಿಗ್ಗೆ ಏಳಕ್ಕೆ ವಾಟ್ಸಾಪಿನಲ್ಲಿ ಬಂತು. ಏಳೂವರೆಗೆ ಅದು ಮೊಸಳೆಯಾಯಿತು. ಎಂಟಕ್ಕೆ ದೇವರ ಕೋಪವಾಯಿತು. ಆಮೇಲೆ ಬದಲಾಗಲಿಲ್ಲ.

(ಮೂರೂ ಮೆಸೇಜುಗಳ ಸಮಯ ಡೈರಿಯಲ್ಲಿದೆ. ಈ ಅಂಕಣ ಓದುವವರಿಗೆ ನನ್ನ ಚಟ ಹೊಸದಲ್ಲ.)

ನಡೆದದ್ದು ಇಷ್ಟು. ಸೋಮವಾರ ಸಂಜೆ ಪಕ್ಕದ ಮನೆಯ ಸರೋಜಕ್ಕನ ಬಲಗೈಯನ್ನು ನೀರೊಳಗಿನಿಂದ ಏನೋ ಹಿಡಿಯಿತು. ಒಮ್ಮೆ ಎಳೆಯಿತು. ಬಿಟ್ಟಿತು. ಹೆಬ್ಬೆರಳ ಬುಡದಲ್ಲಿ ಐದು ಹೊಲಿಗೆ. ಮಣಿಕಟ್ಟಿನ ಸುತ್ತ ತುರಿಯುವ ಮಣೆಗೆ ಉಜ್ಜಿದಂಥ ಗಾಯ, ಸಣ್ಣ ಸಣ್ಣ ಚುಕ್ಕಿಗಳ ಸಾಲು. ತೀರ್ಥಹಳ್ಳಿಯ ಡಾಕ್ಟರು ಆ ಗುರುತು ನೋಡಿ ‘ಬಾಳೆ ಮೀನು’ ಎಂದರಂತೆ. ತುಂಗೆಯ ಆಳದ ಗುಂಡಿಗಳಲ್ಲಿ ಇರುವ, ಉದ್ದ ಮೀಸೆಯ, ಅಗಲ ಬಾಯಿಯ ಮೀನು. ಹಗಲು ಬಂಡೆಯ ಅಡಿಯಲ್ಲಿ ಮಲಗಿ ಸಂಜೆ ಬೇಟೆಗೆ ಏಳುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಸಿಹಿನೀರಿನ ಶಾರ್ಕ್ ಎಂಬ ಹೆಸರೂ ಇದೆ. ಅಂದರೆ ವಾಟ್ಸಾಪಿನ ಮೊದಲ ಮೆಸೇಜು ಪೂರ್ತಿ ಸುಳ್ಳೇನಲ್ಲ!

ಸರೋಜಕ್ಕ ಹೊಳೆಗೆ ಹೋದದ್ದು ಮೀನುಗಳಿಗೆ ಅನ್ನ ಹಾಕಲು. ದಂಡೆಯ ಗುಡಿಯ ಕೆಳಗಿನ ಗುಂಡಿಯಲ್ಲಿರುವುದು ದೇವರ ಮೀನುಗಳು. ಯಾರೂ ಹಿಡಿಯುವುದಿಲ್ಲ. ಪ್ರತಿ ಸೋಮವಾರ ಮತ್ತು ಗುರುವಾರ ಅವಕ್ಕೆ ಅನ್ನ ಹಾಕುವ ಸೇವೆ ಇಪ್ಪತ್ತೆರಡು ವರ್ಷಗಳಿಂದ ಸರೋಜಕ್ಕನದು. ಪದ್ಧತಿ ಒಂದೇ. ನೀರಿಗೆ ತಾಗಿದ ಕೊನೆಯ ಮೆಟ್ಟಿಲಿಗೆ ತಪ್ಪಲೆಯನ್ನು ಮೂರು ಸಲ ಬಡಿಯಬೇಕು. ಠಣ್, ಠಣ್, ಠಣ್. ಮೀನುಗಳು ಬರುತ್ತವೆ. ಆಮೇಲೆ ಅನ್ನ.

ಮಂಗಳವಾರ ಮಧ್ಯಾಹ್ನ ಗುಡಿಯ ಸಮಿತಿಯ ರಾಘಣ್ಣ ಸರೋಜಕ್ಕನ ಮನೆಗೆ ಬಂದಾಗ ನಾನು ಅಲ್ಲೇ ಇದ್ದೆ.

“ಕೈ ಹೆಂಗಿದೆ ಸರೋಜಕ್ಕ?”

“ಇದೆ ಮಾರಾಯ. ಇನ್ನೂ ನನ್ ಹತ್ರಾನೇ ಇದೆ.”

ರಾಘಣ್ಣ ನಗಲಿಲ್ಲ. “ಒಂದು ಪ್ರಶ್ನೆ ಇಡ್ಸೋಣ ಅಂತ. ದೇವ್ರ ಮೀನು ಸುಮ್ ಸುಮ್ನೆ ಕಚ್ಚತ್ತಾ? ಅಲ್ಲಿವರೆಗೆ ನೀವು ಅನ್ನ ಹಾಕೋದು ಬೇಡ.”

“ನಾನೆಂತ ಮಾಡ್ದೆ ಅಂತ?”

“ನಾ ಹೇಳ್ತಿಲ್ಲ. ಜನ ಹೇಳ್ತಿದಾರೆ.”

(ಪ್ರಶ್ನೆ ಎಂದರೆ ಜೋಯಿಸರು ಕವಡೆ ಹಾಕಿ ದೋಷ ಯಾರದೆಂದು ಹೇಳುವುದು. ದೋಷ ಮೀನಿನದು ಎಂದು ಕವಡೆ ಹೇಳಿದ್ದನ್ನು ನಾನಂತೂ ಕೇಳಿಲ್ಲ.)

ರಾಘಣ್ಣ ಹೋದ ಮೇಲೆ ಸರೋಜಕ್ಕ ದನಿ ತಗ್ಗಿಸಿದರು. “ಹೋದ ವರ್ಷ ಒಂದು ಹರಕೆ ಹೇಳ್ಕೊಂಡಿದ್ದೆ, ತೀರ್ಸಿಲ್ಲ. ನಾದಿನಿ ಹತ್ರ ಜಗಳ ಆಗಿ ಮಾತು ಬಿಟ್ಟಿದೀನಿ. ಅದಕ್ಕೇ ಇರ್ಬೌದಾ?”

ಒಂದು ರಾತ್ರಿಯಲ್ಲಿ ಅವರು ತಮ್ಮ ಮೇಲೆಯೇ ಆರೋಪಪಟ್ಟಿ ತಯಾರಿಸಿದ್ದರು. ನಾವೆಲ್ಲ ಹೀಗೇ ಅಲ್ಲವೆ? ನಾಯಿ ಕಚ್ಚಿಸಿಕೊಂಡು ಬಂದವರನ್ನು ಮೊದಲು ಕೇಳುವುದು ‘ನೀನೇನು ಮಾಡಿದೆ?’ ಎಂದು. ನಾಯಿಯನ್ನು ಯಾರು ಕೇಳುತ್ತಾರೆ?

ನಾನು ಡೈರಿ ತೆಗೆದೆ. “ಸೋಮವಾರ ಏನೇನಾಯ್ತು, ಒಂದೊಂದೇ ಹೇಳಿ.”

ಅವರು ಹೇಳಿದರು. ಅನ್ನ ಬೇಯುತ್ತಿರುವಾಗ ಗ್ಯಾಸ್ ಮುಗಿಯಿತು. ಸೌದೆ ಒಲೆ ಹಚ್ಚಿದರು. ಅನ್ನ ತಳ ಹಿಡಿಯಿತು. ಯಾವಾಗಲೂ ನಾಲ್ಕಕ್ಕೆ ಹೋಗುವವರು ಅಂದು ಹೋದಾಗ ಆರು ದಾಟಿತ್ತು. ಮೇಲೆಲ್ಲೋ ಮಳೆಯಾಗಿ ಹೊಳೆ ಕೆಂಪಾಗಿತ್ತು. ಅನ್ನ ಹಾಕಿಯಾಯಿತು, ಮೀನುಗಳು ತಿಂದು ಹೋದವು. ಆಮೇಲೆ ಸೀದ ಅನ್ನ ಬಿಡಿಸಲು ತಪ್ಪಲೆಯನ್ನು ಮಗುಚಿ ಅದೇ ಮೆಟ್ಟಿಲಿಗೆ ಬಡಿದರು.

“ಎಷ್ಟು ಸಲ?”

“ಯಾರು ಎಣಿಸ್ತಾರೆ ಮಾರಾಯ್ತಿ, ನಿನ್ ಹಂಗೆ? ಮೂರೋ ನಾಲ್ಕೋ.”

ಆಮೇಲೆ ಮೊಣಕೈವರೆಗೆ ಕೈಯನ್ನು ನೀರಿಗಿಳಿಸಿ ತಪ್ಪಲೆ ತಿಕ್ಕಿದರು. ತಿಕ್ಕಿದ್ದು ತೆಂಗಿನ ನಾರಿನಿಂದಲ್ಲ, ಹೊಸ ಸ್ಟೀಲ್ ಸ್ಕ್ರಬ್ಬರಿನಿಂದ. ಪಳಪಳ ಹೊಳೆಯುವಂಥದ್ದು.

ನನ್ನ ಪೆನ್ನು ಅಲ್ಲಿ ನಿಂತಿತು.

ಸಮುದ್ರದ ಶಾರ್ಕ್ ಮನುಷ್ಯರನ್ನು ಏಕೆ ಕಚ್ಚುತ್ತದೆ ಎಂದು ನಾನು ಹಿಂದೊಮ್ಮೆ ಓದಿದ್ದೆ. ನಾವು ಅದರ ಊಟವಲ್ಲ. ಅದಕ್ಕೆ ನಮ್ಮ ಮೇಲೆ ಹಗೆಯೂ ಇಲ್ಲ. ಕದಡಿದ ನೀರು, ಮಬ್ಬು ಬೆಳಕು, ಸುತ್ತ ಸಣ್ಣ ಮೀನುಗಳ ಹಿಂಡು, ನಡುವೆ ಕೈಕಾಲು ಬಡಿಯುವ ಸದ್ದು, ಯಾರದೋ ಬೆರಳಲ್ಲಿ ಮಿಂಚಿದ ಉಂಗುರ. ಇಷ್ಟು ಸೇರಿದರೆ ಕೆಲವೊಮ್ಮೆ ಶಾರ್ಕ್ ತಪ್ಪು ತಿಳಿಯುತ್ತದೆ. ಕೆಲವೊಮ್ಮೆ ಅದಕ್ಕೆ ಬರೀ ಕುತೂಹಲ. ಇದೇನೆಂದು ಮುಟ್ಟಿ ನೋಡಲು ಅದಕ್ಕೆ ಕೈಯಿಲ್ಲ, ಬಾಯಿ ಮಾತ್ರ ಇದೆ. ಹಾಗಾಗಿ ಬಹಳ ಸಲ ಒಮ್ಮೆ ಕಚ್ಚಿ, ಬಿಟ್ಟು, ಹೋಗಿಬಿಡುತ್ತದೆ. ಅದಕ್ಕೆ ಅದು ವಿಚಾರಣೆ. ನಮಗೆ ಕೈಯೋ ಕಾಲೋ ಹೋಗಿರುತ್ತದೆ.

ಗುರುವಾರ ರಾಘಣ್ಣನನ್ನು ಹೊಳೆಗೆ ಕರೆದುಕೊಂಡು ಹೋದೆ. ಸರೋಜಕ್ಕ ಬರಲೊಪ್ಪಲಿಲ್ಲ, ತಪ್ಪಲೆ ಮಾತ್ರ ಕೊಟ್ಟರು.

ನಾಲ್ಕು ಗಂಟೆಗೆ ಮೊದಲ ಪರೀಕ್ಷೆ. ಖಾಲಿ ತಪ್ಪಲೆಯನ್ನು ಮೂರು ಸಲ ಬಡಿದೆ. ಇಪ್ಪತ್ತು ಎಣಿಸುವುದರೊಳಗೆ ಮೀನುಗಳು ಬಂದವು. ನೀರಿನ ಮೇಲೆ ಬಾಯಿಗಳು, ಮುಚ್ಚಿ ತೆರೆದು, ಮುಚ್ಚಿ ತೆರೆದು. ಏನೂ ಸಿಗದೆ ಹೋದವು. ಬೇರೇನೂ ಬರಲಿಲ್ಲ.

“ಆಯ್ತಲ್ಲ, ಎಂತದೂ ಇಲ್ಲ. ನಡಿ,” ಎಂದರು ರಾಘಣ್ಣ.

“ಆರೂಕಾಲ್ ತನಕ ಕೂರಿ.”

“ನಿಂದೊಂದು ಕತೆ!” ಎಂದು ಗೊಣಗಿದರೂ ಕೂತರು. (ಎಲೆಯಡಿಕೆಯ ಕವಳ ಹಾಕಿದ್ದು ಎರಡು ಸಲ.)

ಆರೂಕಾಲಕ್ಕೆ ಎದುರು ದಂಡೆಯ ಕಾಡು ಕಪ್ಪಾಗಿತ್ತು. ನೀರಿಗೆ ಮಾತ್ರ ಸ್ವಲ್ಪ ಬೆಳಕು ಅಂಟಿಕೊಂಡಿತ್ತು. ಮತ್ತೆ ಬಡಿದೆ. ಮೀನುಗಳು ಬಂದವು, ಮೆಟ್ಟಿಲ ಬುಡದಲ್ಲಿ ಗಿಜಿಗುಟ್ಟಿದವು. ನಾನು ಎಣಿಸುತ್ತಿದ್ದೆ. ಮೂವತ್ತೆಂಟಕ್ಕೆ ಅವೆಲ್ಲ ಒಮ್ಮೆಲೇ ಎರಡು ಭಾಗವಾದವು. ನಡುವೆ ಒಂದು ದಾರಿ ಬಿಟ್ಟಂತೆ. ಸದ್ದಿಲ್ಲ. ಆ ದಾರಿಯಲ್ಲಿ ನೀರು ಉಳಿದ ನೀರಿಗಿಂತ ಕಪ್ಪಾಯಿತು, ಮತ್ತು ಆ ಕಪ್ಪು ನಮ್ಮ ಕಡೆಗೆ ಬಂತು.

ರಾಘಣ್ಣ ಕಾಲು ಮೇಲೆಳೆದುಕೊಂಡರು.

ಕೋಲಿನ ತುದಿಗೆ ಸ್ಟೀಲ್ ಸ್ಕ್ರಬ್ಬರ್ ಕಟ್ಟಿ ತಂದಿದ್ದೆ. ಅದನ್ನು ನೀರಿಗಿಳಿಸಿ ತಿಕ್ಕುವ ಹಾಗೆ ಆಡಿಸಿದೆ. ಒಂದು. ಎರಡು. ಕೆಂಪು ನೀರಲ್ಲಿ ಅದು ಸಣ್ಣ ಮೀನಿನ ಪಕ್ಕೆಯಂತೆ ಮಿಂಚಿತು. ಮೂರಕ್ಕೆ ಕೋಲು ನನ್ನ ಕೈಯಲ್ಲಿರಲಿಲ್ಲ.

ಕಿತ್ತುಕೊಂಡದ್ದು ತಿಳಿಯಲೇ ಇಲ್ಲ. ಒಂದು ಕ್ಷಣ ಇತ್ತು, ಮರುಕ್ಷಣ ಇಲ್ಲ. ಹೊಳೆ ಮುಚ್ಚಿಕೊಂಡಿತು. ಇಬ್ಬರೂ ನೋಡುತ್ತಿದ್ದೆವು. ಐವತ್ತೊಂದು ಎಣಿಸಿದಾಗ ಗುಂಡಿಯ ನಡುವೆ ಕೋಲು ಮೆಲ್ಲಗೆ ಮೇಲೆ ಬಂತು. ಸ್ಕ್ರಬ್ಬರ್ ಅದರಲ್ಲೇ ಇತ್ತು. ರುಚಿ ನೋಡಿ, ಬೇಡವೆಂದು, ವಾಪಸು ಕಳಿಸಿತ್ತು.

ರಾಘಣ್ಣ ಎದ್ದರು. ಮೆಟ್ಟಿಲು ಹತ್ತುವಾಗ ಹೇಳಿದರು: “ಪ್ರಶ್ನೆ ಎಂತ ಬೇಡ. ಸರೋಜಕ್ಕನೇ ಹಾಕ್ಲಿ. ನಾಲ್ಕಕ್ಕೇ ಬರಕ್ಕೆ ಹೇಳು. ಪಾತ್ರೆ ಮನೇಲಿ ತೊಳ್ಕಳ್ಳಿ.”

ಗೆದ್ದೆ ಎಂದುಕೊಂಡೆ. ಓಡುತ್ತಲೇ ಸರೋಜಕ್ಕನ ಮನೆಗೆ ಹೋದೆ. ಡೈರಿ ತೆರೆದು ಎಲ್ಲ ಓದಿ ಹೇಳಿದೆ: ತಪ್ಪಲೆಯ ಸದ್ದು, ಅದಕ್ಕೆ ಬಂದ ಮೀನುಗಳು, ಅವುಗಳ ಹಿಂದೆ ಬಂದ ಬಾಳೆ ಮೀನು, ಸ್ಕ್ರಬ್ಬರಿನ ಹೊಳಪು.

“ನಿಮ್ ದೋಷ ಎಂತದೂ ಇಲ್ಲ ಸರೋಜಕ್ಕ. ಅದು ನಿಮ್ಮನ್ನ ಕಚ್ಚಕ್ಕೆ ಬಂದಿದ್ದೇ ಅಲ್ಲ. ಕತ್ಲಲ್ಲಿ ಕೈ ಯಾರದು ಅಂತ ಅದಕ್ಕೆಂತ ಗೊತ್ತು?”

ಅವರು ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟು ಕೂತಿದ್ದರು. ಸಮಾಧಾನವಾದ ಮುಖ ನನಗೆ ಕಾಣಲಿಲ್ಲ.

“ಹಂಗಾರೆ ಅದಕ್ಕೆ ನಾ ಯಾರು ಅಂತ ಗೊತ್ತಿರ್ಲಿಲ್ವಾ?”

“ಇಲ್ಲ.”

“ಉಳಿದ ಮೀನುಗಳಿಗೆ?”

ನಾನು ಡೈರಿ ನೋಡಿದೆ. ನಾನು ಬಡಿದಾಗಲೂ ಅವು ಅಷ್ಟೇ ಚುರುಕಾಗಿ ಬಂದಿದ್ದವು.

“ಸದ್ದು ಗೊತ್ತು,” ಎಂದೆ.

“ಇಪ್ಪತ್ತೆರಡು ವರ್ಷ,” ಎಂದರು. “ದೇವ್ರಿಗೆ ಸಿಟ್ಟು ಬಂದಿದ್ರೇ ಒಳ್ಳೇದಿತ್ತು ಮಾರಾಯ್ತಿ. ನನ್ನ ನೋಡ್ತಾ ಇದ್ದ ಅಂತಾದ್ರೂ ಆಗ್ತಿತ್ತು.”

ಇದನ್ನು ಬರೆಯುತ್ತಿರುವುದು ಭಾನುವಾರ. ನಾಳೆ ಅನ್ನ ಹಾಕುವ ದಿನ. ಇಂದು ಬೆಳಿಗ್ಗೆ ಸರೋಜಕ್ಕ ತಪ್ಪಲೆಯನ್ನು ನಮ್ಮ ಜಗಲಿಯಲ್ಲಿಟ್ಟು, “ನೀನೇ ಬಡಿ, ಬರ್ತವೆ,” ಎಂದಷ್ಟೇ ಹೇಳಿ ಹೋದರು.

ಸಿಟ್ಟಾದ ದೇವರಿಗಾದರೆ ತಪ್ಪುಕಾಣಿಕೆ ಹಾಕಬಹುದು. ನಮ್ಮ ಗುರುತೇ ಇಲ್ಲದ ಮೀನಿಗೆ ಏನು ಹಾಕುವುದು?