ಹರಿವಾಣದಂಚಿನ ತಿರುವು

ಕುವೈತಿನ ಹವಲ್ಲಿಯ ಹಳೇ ಕಟ್ಟಡವೊಂದರಲ್ಲಿ ಭಾಗೀರಥಮ್ಮನ ಸೊಸೆ ಸಿಂಚನಾ ಹಲ್ಲಿನ ಕ್ಲಿನಿಕ್ ತೆರೆಯುವವಳಿದ್ದಳು. ಸಂಜೆ ನಾಲ್ಕಕ್ಕೆ ಕರೆಂಟಿನ ತಪಾಸಣೆಯವರು ಬರುವವರು. ಅಂದು ತಪ್ಪಿದರೆ ಮತ್ತೆ ಸರದಿ ಬರುವುದು ತಿಂಗಳ ಮೇಲೆ. ಮಗ ಧನಂಜಯನ ಜೊತೆ ಭಾಗೀರಥಮ್ಮ ಬೆಳಿಗ್ಗೆಯೇ ಚಿತ್ರಾನ್ನ ಹೊತ್ತು ಬಂದಿದ್ದರು. ಬಡಿಸಲೆಂದು ಇಪ್ಪತ್ತು ಇಂಚಿನ ಸ್ಟೀಲ್ ಹರಿವಾಣವೂ ಜೊತೆಗಿತ್ತು.

ಗೋಡೆ ಇನ್ನೂ ತಗಡಿನ ಕಂಬಿಗಳ ಪಂಜರ. ಅದರೊಳಗೆ ಲಟ್ಟಣಿಗೆಯಷ್ಟು ದಪ್ಪದ ಕೇಬಲ್ ಅಡ್ಡ ಹೋಗಿ, ಕೊನೆಯ ಕಂಬಿಯಾಚೆ ಮೇಲಕ್ಕೆ ತಿರುಗಬೇಕು. ಇರುವುದು ಒಂದೇ ಉದ್ದ. ನಡುವೆ ಜೋಡಣೆ ಕೂಡದು.

ಎಲೆಕ್ಟ್ರಿಷಿಯನ್ ಸುಕುಮಾರ ಕಾರ್ಕಳದ ಕಡೆಯವನು. ಕುವೈತಿಗೆ ಬಂದು ಇಪ್ಪತ್ತಾರು ವರ್ಷ. ಜೊತೆಗಾರ ನಿಸಾರನನ್ನೂ ಕರೆತಂದಿದ್ದ. ಮಗುವಿಗೆ ಜ್ವರವಿದೆಯೇ ಎಂದು ನೋಡುವವನಂತೆ ಕೇಬಲ್ ಮೇಲೆ ಅಂಗೈ ಇಟ್ಟ.

"ರಾತ್ರಿಯಿಡೀ ಏಸಿಯಲ್ಲಿ ಬಿದ್ದು ತಣ್ಣಗಾಗಿದೆ ಸಾರ್. ಈಗ ಬಗ್ಗಿಸ್ಲಿಕ್ಕೆ ಆಗೂದಿಲ್ಲ."

"ರೀ, ಹನ್ನೊಂದಾಯ್ತು! ಇಬ್ಬರೂ ಸೇರಿ ಒಂದ್ಸಲ ಜಗ್ಗಿ. ಯಲ್ಲಾ, ಬೇಗ ಬೇಗ!" ಎಂದ ಧನಂಜಯ.

ಸುಕುಮಾರ ಪೆಟ್ಟಿಗೆಯಿಂದ ಬಟ್ಟೆ ಸುತ್ತಿದ ತುಂಡೊಂದನ್ನು ತೆಗೆದ. ಗೇಣುದ್ದದ ಸುಟ್ಟ ಕೇಬಲ್.

"ಇದು ನನ್ನದೇ ಕೆಲಸ. ಜನವರಿ ಚಳಿ, ಮಹಬೂಲಾದ ಫ್ಲಾಟು. ಅವತ್ತೂ ಯಲ್ಲಾ ಅಂದ್ರು, ಮೊಣಕಾಲು ಕೊಟ್ಟು ಬಗ್ಗಿಸಿದೆ. ಹೊರಗಿಂದ ಚಂದ ಕಾಣ್ತಿತ್ತು, ಒಳಗೆ ಬಿರುಕು. ಮೂರು ತಿಂಗಳಲ್ಲಿ ಗೋಡೆ ಹೊತ್ತಿಕೊಂಡಿತು. ಮನೆಯವರು ಊರಿಗೆ ಹೋಗಿದ್ರು, ಬಚಾವ್."

ಸಿಂಚನಾಳ ರೋಗಿಗಳು ಬಾಯಿ ತೆರೆದು ಒರಗುವ ಕುರ್ಚಿ ಅದೇ ಗೋಡೆಗೆ ಆತುಕೊಂಡು ಬರಲಿತ್ತು. "ಹಾಗಾದ್ರೆ ಹೇಗೆ ಮಾಡೋದು, ನೀವೇ ಹೇಳಿ," ಎಂದ ಧನಂಜಯ.

ಸುಕುಮಾರನೂ ನಿಸಾರನೂ ಕೇಬಲ್ಲನ್ನು ಮಾಳಿಗೆಗೆ ಹೊತ್ತೊಯ್ದು, ಮೇ ತಿಂಗಳ ಬಿಸಿಲಿನಲ್ಲಿ ಹಾಸಿದರು.

"ಹಪ್ಪಳ ಹಾಕ್ದಂಗೆ ಹಾಕಿದೀರಲ್ಲಪ್ಪಾ!" ಎಂದರು ಭಾಗೀರಥಮ್ಮ.

"ಹಪ್ಪಳ ಬಿಸಿಲಿಗೆ ಗಟ್ಟಿಯಾಗ್ತದೆ ಅಮ್ಮಾ, ಇದು ಮೆತ್ತಗಾಗ್ತದೆ. ಕಾಗೆ ಕಾಯುವ ಕೆಲಸ ಮಾತ್ರ ಇಲ್ಲ."

ಒಂದು ಗಂಟೆಗೆ ಕೇಬಲ್ ಕೆಳಗಿಳಿಯಿತು. ಕಂಬಿಗಳ ತೂತುಗಳಿಗೆ ತಗಡು ಕೊಯ್ಯದಂತೆ ರಬ್ಬರಿನ ಬಳೆ ತೊಡಿಸಿಯಾಗಿತ್ತು. ಅವುಗಳೊಳಗೆ ಕೇಬಲ್ ಸರಾಗ ನುಗ್ಗಿತು. ಈಗ ತಿರುವು. ಸುಕುಮಾರ ಸುತ್ತ ನೋಡಿದವನು, ಹರಿವಾಣಕ್ಕೆ ಟೇಪು ಹಿಡಿದು ಅಳೆದ.

"ಇದಕ್ಕಿಂತ ಸಣ್ಣ ಸುತ್ತಿನಲ್ಲಿ ತಿರುಗಿದ್ರೆ ಒಳಗೆ ಪೆಟ್ಟು. ಸ್ವಲ್ಪ ಕೊಡ್ತೀರಾ ಅಮ್ಮಾ?"

"ನೆಗ್ಗಿಸಬೇಡಪ್ಪಾ," ಎಂದರೂ ಕೊಟ್ಟರು.

ನಿಸಾರ್ ಹರಿವಾಣವನ್ನು ಒತ್ತಿ ಹಿಡಿದ. ಸುಕುಮಾರ ಅದರ ಅಂಚಿಗೆ ಕೇಬಲ್ ಆನಿಸಿ, ಹಿಡಿ ಹಿಡಿಯಷ್ಟೇ ಮುಂದೆ ಸರಿಯುತ್ತ ಒತ್ತಿದ. ಒತ್ತುವುದು, ನಿಲ್ಲುವುದು, ಉಸಿರು ಬಿಡುವುದು. ಬೆಳಿಗ್ಗೆ ಇಬ್ಬರು ಜಗ್ಗಿದರೂ ಬಗ್ಗದಂತಿದ್ದ ಆ ಜಂತು ಅವನ ಎರಡು ಅಂಗೈಗಳ ನಡುವೆ, ತೊಡೆಯ ಮೇಲೆ ಹೊಸೆದ ಬತ್ತಿಯಂತೆ ಒಲಿಯಿತು. ಐವತ್ತು ವರ್ಷ ಹಿಟ್ಟು ನಾದಿದ ಕೈ ಭಾಗೀರಥಮ್ಮನದು. ಯಾವುದು ಬಲ, ಯಾವುದು ಹದ ಎಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. ರೆಪ್ಪೆ ಬಡಿಯದೆ ನೋಡಿದರು.

ನಾಲ್ಕಕ್ಕೆ ಬಂದ ಅಧಿಕಾರಿ ತಿರುವಿನ ಮುಂದೆಯೇ ನಿಂತ. ಅಳತೆ ಕೇಳಿದ. ಸುಕುಮಾರ ಹರಿವಾಣವನ್ನೇ ಎತ್ತಿ ಕೇಬಲ್ಲಿಗೆ ಹೊಂದಿಸಿದ. ಅಂಚಿಗೂ ಕೇಬಲ್ಲಿಗೂ ನಡುವೆ ಒಂದು ಕಾಗದ ತೂರುವಷ್ಟೂ ಸಂದಿಲ್ಲ. ಅಧಿಕಾರಿ ನಕ್ಕು, ಆಮೇಲೆ ಟೇಪಿನಿಂದಲೂ ಅಳೆದು, "ಖಲಾಸ್", ಕೆಲಸ ಮುಗಿಯಿತು ಎಂದು ಸಹಿ ಹಾಕಿದ.

ಆಮೇಲೆ ಹರಿವಾಣ ತೊಳೆದು ಎಲ್ಲರಿಗೂ ಚಿತ್ರಾನ್ನ ಬಡಿಸಿದರು. ಅಂಚಿನ ಸುತ್ತ ಕೇಬಲ್ಲಿನ ಕರಿ ಗೆರೆಯೊಂದು ಉಳಿದಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೋದೀತು. ಭಾಗೀರಥಮ್ಮ ತಿಕ್ಕಲಿಲ್ಲ.