ಮಾಸ್ತರರ ಪಾಲಾದ ಕರೆಂಟಪ್ಪ

ಮೊನ್ನೆ ಇಂಡಿ ಪಟ್ಟಣದಲ್ಲಿ ಬೈಕು ಪಂಕ್ಚರ್ ಆಯಿತು. ಅಂಗಡಿಯವನು ಟ್ಯೂಬಿಗೆ ಸೊಲ್ಯೂಷನ್ ಬಳಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಡ್ರಾಯಿಂಗ್ ಮಾಸ್ತರರು ನೆನಪಾದರು... ಜೊತೆಗೆ ನನ್ನ ಹೊಟ್ಟೆಕಿಚ್ಚೂ ಎದ್ದು ಕುಳಿತಿತು. ಹಳೆಯ ಟ್ಯೂಬು ಕತ್ತರಿಸಿ, ಇದೇ ಸೊಲ್ಯೂಷನ್ ಹಚ್ಚಿ ಅಂಟಿಸಿ, ನನ್ನ ಕರೆಂಟಪ್ಪನಿಗೆ ಮುಖವಾಡ ಮಾಡಿಕೊಟ್ಟವರು ಅವರೇ.

ಕರೆಂಟಪ್ಪ ನನ್ನವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಾಂಬಾದ ಲೈನ್‌ಮನ್ ಒಬ್ಬನಿಗೆ ಕಂಬದ ಮೇಲೆ ಶಾಕ್ ಹೊಡೆದು, ಸಾಯುವ ಬದಲು ಹಾರುವ ಶಕ್ತಿ ಬರುತ್ತದೆ. ಸಿಂದಗಿಯ ನನ್ನ ಝೆರಾಕ್ಸ್ ಅಂಗಡಿಯಲ್ಲಿ ಕುಳಿತು ಈ ಕಥೆ ಹೆಣೆದವನು ನಾನು. ಮುಖ ಮುಚ್ಚಿಕೊಂಡು ಊರು ಕಾಯುವ, ಯಾರಿಗೂ ಗುರುತು ಸಿಗದ ಒಂಟಿ ಜೀವ ಅವನು. ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋದ ಕಾಕಾ ಇದನ್ನು ಸಿನಿಮಾ ಮಾಡಿ ಮೊಬೈಲಿಗೆ ಬಿಡೋಣ ಎಂದರು. ನಿರ್ದೇಶನ ನನ್ನದು; ಕ್ಯಾಮೆರಾ ಅವರದು, ಲೈಟು ಅವರದು, ಖರ್ಚಿಗೆ ವ್ಯಾಪಾರಸ್ಥರನ್ನು ಕೂಡಿಸಿದವರೂ ಅವರೇ.

ಅಲ್ಲಿಗೆ ಶುರುವಾಯಿತು ನೋಡಿ. ನಾಯಕ ಕಾಕಾರ ಅಕ್ಕನ ಮಗ, ಆದ್ದರಿಂದ ಮಾಸ್ತರರು ಮಾಡಿಕೊಟ್ಟ ಮುಖವಾಡ ಬೇಡವಂತೆ. "ಹುಡುಗನ ಮಾರಿ ಕಾಣಲಿಲ್ಲಂದ್ರ ನಮ್ಮಕ್ಕ ನನ್ನ ಮನಿ ಹೊಸ್ತಿಲಾ ತುಳೀತಾಳೇನ್ರಿ?" ಮದುವೆ ವಿಡಿಯೋದಲ್ಲಿ ಬೀಗರ ಪೈಕಿ ಒಬ್ಬರ ಮುಖ ತಪ್ಪಿದರೂ ಜಗಳ ಬೀಳುತ್ತದೆ. ಕಾಕಾರಿಗೆ ಅದೇ ಅಭ್ಯಾಸ. ಖರ್ಚಿಗೆ ಕೈ ಹಾಕಿದವರೆಲ್ಲ ಸಿನಿಮಾದಲ್ಲಿ ಬರಬೇಕು, ಶಾಲು ಹೊದ್ದು ಕ್ಯಾಮೆರಾ ನೋಡಿ ನಗಬೇಕು. ಕರೆಂಟಪ್ಪನ ತಾಯಿ ಪ್ರಾಣ ಬಿಡುವಾಗ ಮದುವೆ ವಿಡಿಯೋದಲ್ಲಿ ಹಾಕುವ ಗುಲಾಬಿ ಪಕಳೆಗಳನ್ನೇ ಪರದೆಯ ತುಂಬ ಉದುರಿಸಿದರು! ನಾನು ಕೂಗಾಡಿದೆ. "ಹೆತ್ತವ್ರಿಗೆ ಹೆಗ್ಗಣ ಮುದ್ದು ಬಿಡ್ರಿ" ಎಂದು ಕಾಕಾ ನಕ್ಕರು. ಸಿನಿಮಾ ನೆಲ ಕಚ್ಚಿತು. ತಪ್ಪು ಯಾರ ತಲೆಗೆ ಬಂತು? ನನ್ನ ತಲೆಗೆ.

"ನಿಮಗ ಸಿಟ್ಟು ಭಾಳ ಐತ್ರಿ. ಎರಡನೇದು ಮಾಸ್ತರ್ ಮಾಡ್ಲಿ" ಎಂದರು ಕಾಕಾ.

ನನ್ನ ಮಗನನ್ನು ದತ್ತು ಕೊಟ್ಟಂತಾಯಿತು, ಅದೂ ನನ್ನನ್ನು ಒಂದು ಮಾತು ಕೇಳದೆ. ಮಾಸ್ತರರು ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಅವರೋ ಅಂಗಡಿಗೆ ಬಂದು ಚಹಾ ಕುಡಿಸಿ, "ನಿನ್ನ ಕರೆಂಟಪ್ಪನ್ನ ಕೆಡಸಂಗಿಲ್ಲಪಾ" ಎಂದು ಹೋದರು. ಮೋರಟಗಿಯಲ್ಲಿ ಶೂಟಿಂಗ್ ನಡೆದಷ್ಟೂ ದಿನ, ಕೆಟ್ಟು ಹೋಗಲಿ ದೇವರೇ ಎಂದು ಬೇಡಿಕೊಂಡೆ. ಯಾಕೆ ಸುಳ್ಳು ಹೇಳಲಿ?

ಎರಡನೇ ಸಿನಿಮಾ ಕಲ್ಯಾಣ ಮಂಟಪದಲ್ಲಿ ಮೊದಲ ಸಲ ತೋರಿಸಿದರು. ಪರದೆಯ ಮೇಲೆ ಎಮ್ಮೆಯೊಂದು ಬಾವಿಗೆ ಬಿದ್ದಿದೆ. ಕರೆಂಟಪ್ಪ ಹಾರಿ ಬಂದಿದ್ದಾನೆ. ಊರವರು ಬಿಡಬೇಕಲ್ಲ! "ಮೊದಲು ಸತ್ಕಾರ ಆಗ್ಲಿರಿ, ಎಮ್ಮಿ ಎಲ್ಲಿಗೆ ಹೋಗ್ತದ?" ಶಾಲು, ರುಮಾಲು, ಹಾರ, ತೆಂಗಿನಕಾಯಿ. ಖರ್ಚಿಗೆ ಕೈ ಹಾಕಿದ ಬೀಜದಂಗಡಿಯವರ ಭಾಷಣ, ಅದಾದ ಮೇಲೆ ಮನಗೂಳಿಯ ಹೋಟೆಲ್‌ನವರ ಭಾಷಣ. ರುಮಾಲು ಸುತ್ತಿಸಿಕೊಂಡು ಕುರ್ಚಿಯಲ್ಲಿ ಸಿಕ್ಕಿಬಿದ್ದ ಕರೆಂಟಪ್ಪ ಬಾವಿಯ ಕಡೆ ಕತ್ತು ಚಾಚುತ್ತಾನೆ. ಕೊನೆಗೆ ಎಮ್ಮೆ ತಾನೇ ಬಾವಿಯ ಮೆಟ್ಟಿಲು ಹತ್ತಿ ಬಂದು ವೇದಿಕೆಯ ಮುಂದೆ ನಿಂತಾಗ, ಊರವರು ಅದಕ್ಕೂ ಒಂದು ಶಾಲು ಹೊದಿಸುತ್ತಾರೆ.

ಮಂಟಪ ಬಿದ್ದು ಬಿದ್ದು ನಕ್ಕಿತು. ಭಾಷಣ ಮಾಡಿದವರು ತಮ್ಮ ಮುಖ ಕಂಡ ಖುಷಿಗೇ ಎದ್ದು ಚಪ್ಪಾಳೆ ಹೊಡೆದರು. ಕಾಕಾ ಒಂದು ತುಣುಕನ್ನೂ ಕತ್ತರಿಸಿರಲಿಲ್ಲ. ನಗಬಾರದೆಂದು ತುಟಿ ಕಚ್ಚಿದ್ದ ನನಗೂ ನಗು ತಡೆಯಲಾಗಲಿಲ್ಲ. ಅಯ್ಯೋ, ಇದು ನನಗೇಕೆ ಹೊಳೆಯಲಿಲ್ಲ ಎಂದು ಹೊಟ್ಟೆ ಉರಿಯಿತು.

ಹೊರಗೆ ಬಂದವನೇ ಕೇಳಿದೆ: "ಕಾಕಾ ಹೇಳಿದ್ದನ್ನೆಲ್ಲಾ ಹಾಕೀರಲ್ರಿ ಮಾಸ್ತರ್, ನಿಮಗ ಸಿಟ್ಟು ಬರ್ಲಿಲ್ಲೇನು?"

"ಬಂತಪಾ. ಆ ಸಿಟ್ಟನ್ನೂ ಹಾಕೇನಿ ನೋಡು" ಎಂದರು.

ಹೋದ ವರ್ಷ ಮಾಸ್ತರರು ಹೋಗಿಬಿಟ್ಟರು. ಊಟಕ್ಕೆ ಕುಳಿತವರು ಏಳಲಿಲ್ಲ... ಮಣ್ಣಿಗೆ ಹೋಗಿ ಬಂದ ಮೇಲೆ ಎಷ್ಟೋ ದಿನ ನನಗೆ ಅಂಗಡಿ ತೆರೆಯುವ ಮನಸ್ಸಾಗಲಿಲ್ಲ. ಆಮೇಲೆ ಒಂದು ದಿನ ಕಾಕಾ ಬಂದರು. "ಮೂರನೇದು ನೀವು ಮಾಡ್ರಿ. ಈ ಸಲ ನಡುವ ಬಾಯಿ ಹಾಕಂಗಿಲ್ಲ, ಆಣಿ ಐತಿ." ಇಷ್ಟು ವರ್ಷ ಈ ಮಾತಿಗೇ ಕಾದಿದ್ದೆ! ಮಾಸ್ತರರ ಅದೇ ಮುಖವಾಡ ಹಾಕಿಸಿದೆ, ಪಕಳೆ ಬೇಡವೆಂದೆ, ಎಲ್ಲ ನನ್ನ ಮನಸ್ಸಿನಂತೆಯೇ ಮಾಡಿದೆ. ಆದರೆ ಒಂದು ದೃಶ್ಯ ಚೆನ್ನಾಗಿ ಬಂದಾಗಲೆಲ್ಲ, ಇದನ್ನು ಮಾಸ್ತರರು ನೋಡಬೇಕಿತ್ತು ಅನ್ನಿಸುತ್ತಿತ್ತು. ಒಂದೇ ಒಂದು ಸಲ ಅವರ ಹೊಟ್ಟೆ ಉರಿಯುವಂಥದ್ದನ್ನು ಮಾಡಬೇಕಿತ್ತು ನನಗೆ. ಉರಿದುಕೊಳ್ಳಲು ಅವರೇ ಇಲ್ಲ.

ಹೋದ ತಿಂಗಳು ಕಾಕಾರ ಸ್ಟುಡಿಯೋದಲ್ಲಿ ನಾಲ್ಕು ಜನರಿಗೆ ತೋರಿಸಿದೆವು. ಮಾಸ್ತರರ ಹೆಂಡತಿಯೂ ಬಂದಿದ್ದರು. ಅತ್ತಿಗೆಯ ಲೆಕ್ಕ, ನಾನು ವೈನಿ ಎಂದೇ ಕರೆಯುವುದು. ಕೊನೆಯ ದೃಶ್ಯದಲ್ಲಿ ಕರೆಂಟಪ್ಪ ಮುದುಕಿಯೊಬ್ಬಳ ಮನೆಗೆ ದೀಪ ಬರಿಸಿ, ಹೆಸರು ಹೇಳದೆ ಹೋಗುತ್ತಾನೆ. ನಾನು ಬರೆದದ್ದರಲ್ಲೆಲ್ಲ ಒಳ್ಳೆಯದು ಅದು. ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದರು.

"ಖರೇ ಹೇಳ್ರಿ ತಮ್ಮಾ, ಇದನ್ನ ಅವ್ರು ಬರದಿಟ್ಟು ಹೋಗಿದ್ರಲ್ಲ?"

ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿದೆ.

"ಹೌದ್ರಿ ವೈನಿ" ಎಂದೆ.

ಈಗ ಮೂರನೇ ಭಾಗ ಶುರುವಾಗುವಾಗ, ಕಥೆ ಯಾರದು ಎಂಬಲ್ಲಿ ಮಾಸ್ತರರ ಹೆಸರು ಬರುತ್ತದೆ. ಕಾಕಾ ಬೇಡವೆಂದರೂ ನಾನೇ ಹಟ ಹಿಡಿದು ಹಾಕಿಸಿದೆ. ಪ್ರತಿ ಸಲ ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.