ಉಳಿವೆಪ್ಪ ಮಾಸ್ತರರು ಕೂರಿಗೆಗೆ ನಕ್ಷೆ ಬರೆದದ್ದು

ದುಂಡಸಿಯ ಬಡಿಗ ಉಳಿವೆಪ್ಪನವರನ್ನು ಶಿಗ್ಗಾವಿಯ ನಮ್ಮ ಶಾಲೆಗೆ ಮರಗೆಲಸ ಕಲಿಸಲು ತೆಗೆದುಕೊಂಡಾಗ ಅವರಿಗೆ ನಲವತ್ತು ದಾಟಿತ್ತು. ನಾನು ಅಲ್ಲಿ ಲೆಕ್ಕದ ಮಾಸ್ತರ. ಅವರು ಮಾಡಿದ ಕೂರಿಗೆಗೆ ಸುತ್ತಲಿನ ಹಳ್ಳಿಗಳಲ್ಲಿ ಹೆಸರಿತ್ತು. ಬೀಜ ಬಿತ್ತುವ ಕೂರಿಗೆ; ನೆಲದಲ್ಲಿ ಸಾಲು ಕೊರೆಯುವ ತಾಳು ಮೂರು. ಮೇಲಿನ ಬಟ್ಟಲಿಗೆ ಜೋಳ ಸುರಿದರೆ ಮೂರು ಸಾಲಿಗೂ ಒಂದೇ ಸಮನೆ ಬೀಳುತ್ತಿತ್ತು.

ಮುಂಬಯಿ ಸರಕಾರವಿದ್ದಾಗ ಅವರಿಗೆ ಮರಾಠಿಯಲ್ಲಿ ಒಂದು ಸರ್ಟಿಫಿಕೇಟು ಸಿಕ್ಕಿತ್ತು. ರಾಜ್ಯ ಒಂದಾಯಿತು. ೧೯೫೯ರಲ್ಲಿ ಕಾಗದ ಬಂತು: ಆ ಸರ್ಟಿಫಿಕೇಟು ಸಾಲದು, ಹಾನಗಲ್ಲಿನಲ್ಲಿ ಒಂದು ವರ್ಷದ ಉನ್ನತ ತರಬೇತಿ ಮುಗಿಸಬೇಕು, ಇಲ್ಲವಾದರೆ ನೌಕರಿ ಹೋಗುತ್ತದೆ.

“ಮೊಮ್ಮಕ್ಕಳನ್ನ ಆಡಸೂ ವಯಸ್ಸಿನ್ಯಾಗ ಪಾಟಿಚೀಲ ಹಾಕ್ಕೊಂಡು ಹೋಗ್ರಿ,” ಎಂದರು ಅವರ ಹೆಂಡತಿ ಸಾವಂತ್ರವ್ವ. ನಕ್ಕೇ ಹೇಳಿದ್ದು. ಉಳಿವೆಪ್ಪ ನಗಲಿಲ್ಲ.

ಹಾನಗಲ್ಲಿನಲ್ಲಿ ಕಲಿಸುತ್ತಿದ್ದವನು ಚಂದ್ರಪ್ಪ, ಇಪ್ಪತ್ತಾರರ ಹುಡುಗ. ಒಳ್ಳೆಯವನೇ. ಆದರೆ ಮೊದಲ ಎರಡು ತಿಂಗಳು ಯಾರಿಗೂ ಕಟ್ಟಿಗೆ ಮುಟ್ಟಗೊಡಲಿಲ್ಲ, ಬರೀ ಬರವಣಿಗೆ. ‘ಉಳಿ ಎಂದರೇನು?’ ಎಂಬ ಪ್ರಶ್ನೆಗೆ ನಮ್ಮ ಉಳಿವೆಪ್ಪನವರು ‘ಉಳಿ ಅಂದರೆ ಉಳಿ’ ಎಂದು ಬರೆದು ಸೊನ್ನೆ ತಂದರು. ಇಂಚಿನಲ್ಲಿ ಅಳೆಯುವುದನ್ನು ಕಲಿತು ಮುಗಿಸುವಷ್ಟರಲ್ಲಿ, ಇನ್ನು ಮುಂದೆ ಎಲ್ಲವೂ ಸೆಂಟಿಮೀಟರಿನಲ್ಲಿ ಎಂದು ಹುಕುಂ ಬಂತು. ಹುಕುಂ ಬಂದು ಐದು ತಿಂಗಳಾದರೂ ಸೆಂಟಿಮೀಟರಿನ ಪಟ್ಟಿ ಬರಲಿಲ್ಲ.

“ನಾ ಹುಚ್ಚನೋ, ಅವರು ಹುಚ್ಚರೋ, ಒಂದು ಹೇಳಿಬಿಡ್ರಿ ಮಾಸ್ತರ,” ಎಂದು ಪ್ರತಿ ರವಿವಾರ ಬಸ್ಸಿಳಿದು ನಮ್ಮ ಮನೆಗೆ ಬಂದು ಕೇಳುತ್ತಿದ್ದರು.

ವರ್ಷದ ಕೊನೆಯ ಕೆಲಸವೆಂದರೆ, ಒಂದು ವಸ್ತು ಮಾಡಬೇಕು. ಅದನ್ನು ಎಂದೂ ಮಾಡದವನು ಓದಿ ಮಾಡುವ ಹಾಗೆ ನಕ್ಷೆ ಸಮೇತ ಮೂವತ್ತು ಪುಟ ಬರೆಯಬೇಕು. ಉಳಿದವರು ಪುಸ್ತಕದ ಸ್ಟ್ಯಾಂಡು, ಗೋಡೆಯ ಗೂಟ ಆರಿಸಿಕೊಂಡರು. ಇವರು ಕೂರಿಗೆ ಎಂದರು.

“ಅದು ಒಕ್ಕಲುತನದ ಸಾಮಾನ್ರಿ, ಕಲೆಯೊಳಗ ಬರೂದಿಲ್ಲ,” ಎಂದ ಚಂದ್ರಪ್ಪ.

“ಬರೂದಿಲ್ಲಂದ್ರ ನಾನೂ ಬರೂದಿಲ್ಲರಿ,” ಎಂದು ಟವೆಲ್ಲು ಹೆಗಲಿಗೆ ಹಾಕಿ ಎದ್ದೇಬಿಟ್ಟರಂತೆ. ಚಂದ್ರಪ್ಪ ಬಾಗಿಲ ತನಕ ಬಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದ.

ಕೂರಿಗೆ ಎಂಟು ದಿನದಲ್ಲಿ ಮುಗಿಯಿತು. ಬರವಣಿಗೆಗೆ ನಾಲ್ಕು ತಿಂಗಳು ಹಿಡಿಯಿತು. ಅವರು ಹೇಳುವುದು, ನಾನು ಬರೆಯುವುದು.

“ಬಟ್ಟಲದಿಂದ ತಾಳಿಗೆ ಬಿದಿರಿನ ಕೊಳವಿ ಇಳಿಸಬೇಕು. ಸ್ವಲ್ಪ ಓರೆ ಇರಬೇಕು.”

“ಎಷ್ಟು ಓರೆ?”

“ಬೇಕಾದಷ್ಟು.”

“ಬೇಕಾದಷ್ಟು ಅಂದ್ರ ಎಷ್ಟ್ರಿ?”

“ಕಾಳು ನಿಲ್ಲಬಾರದು, ಪುಟಿಯಬಾರದು, ಅಷ್ಟು! ಇಷ್ಟು ತಿಳೀಲಿಲ್ಲಂದ್ರ ಲೆಕ್ಕ ಹೆಂಗ ಕಲಸ್ತೀರಿ ನೀವು?”

ಆ ದಿನ ನಾನೂ ಪೆನ್ನು ಬಿಸಾಕಿದೆ. ಸಾಲದ್ದಕ್ಕೆ ನಾನು ಊರಲ್ಲಿಲ್ಲದ ವಾರಗಳಲ್ಲಿ ತಾವೇ ಗೀಚಿದ್ದರು. ಅದನ್ನು ಓದಲು ಅವರಿಂದಲೂ ಆಗಲಿಲ್ಲ.

ಬರೆದದ್ದು ಸರಿಯೋ ಎಂದು ನೋಡಲು ಚಂದ್ರಪ್ಪ ಆ ಕಾಗದಗಳನ್ನು ಸವಣೂರಿನ ಖಾದರಸಾಬರಿಗೆ ಕೊಟ್ಟ. ಮಂಚ, ಟಾಂಗಾ ಮಾಡುವ ಬಡಿಗ. ಜನ್ಮದಲ್ಲಿ ಕೂರಿಗೆ ಮಾಡಿದವರಲ್ಲ. ಹದಿನೈದು ದಿನದಲ್ಲಿ ಮಾಡಿಟ್ಟರು. ಸವಣೂರಿನ ಹೊರಗೆ ಹರಗಿ ಹದ ಮಾಡಿದ ಒಂದು ಹೊಲದಲ್ಲಿ ಎತ್ತು ಕಟ್ಟಿದೆವು. ನೂರು ಹೆಜ್ಜೆ ಹೋಗುವಷ್ಟರಲ್ಲಿ ನಡುವಿನ ಸಾಲಿನಲ್ಲಿ ಜೋಳ ಗುಂಪುಗುಂಪಾಗಿ ಬಿದ್ದಿತ್ತು. ಎರಡೂ ಬದಿಯ ಸಾಲು ಹೆಚ್ಚುಕಡಿಮೆ ಬರಿದು.

“ಮಂಚಾ ಮಾಡೂ ಕೈಗೆ ಕೂರಿಗಿ ಕೊಟ್ಟ್ರ ಹಿಂಗ ಆಗತೈತಿ!” ಎಂದು ಉಳಿವೆಪ್ಪ ಕೂಗಾಡಿದರು.

ಖಾದರಸಾಬರು ಶಾಂತವಾಗಿ ಕಾಗದ ಬಿಡಿಸಿದರು. “ನಕ್ಷಾದಾಗ ಹೆಂಗೈತಿ ಹಂಗ ಮಾಡೇನ್ರಿ. ಅಳದು ನೋಡ್ರಿ.”

ಉಳಿವೆಪ್ಪ ಅಳೆದರು. ಕೂದಲೆಳೆಯ ತಪ್ಪಿರಲಿಲ್ಲ. ಆಗ ಬಂಡಿಯಲ್ಲಿ ತಂದಿದ್ದ ತಮ್ಮ ಕೂರಿಗೆಯನ್ನು ಇಳಿಸಿ, ಒಂದು ಕಡ್ಡಿಯನ್ನು ಬಟ್ಟಲಿನ ತೂತುಗಳಿಗೆ ಒಂದೊಂದಾಗಿ ತೂರಿಸಿದರು. ಬದಿಯ ಎರಡರಲ್ಲಿ ಕಡ್ಡಿ ಸಲೀಸಾಗಿ ಇಳಿಯಿತು. ನಡುವಿನದರಲ್ಲಿ ಇಳಿಯಲಿಲ್ಲ.

ನಡುವಿನ ಕೊಳವೆ ನೆಟ್ಟಗೆ ಇಳಿಯುತ್ತದೆ, ಕಾಳು ಬೇಗ ಜಾರುತ್ತದೆ. ಅದಕ್ಕೇ ಆ ತೂತನ್ನು ಎಳ್ಳಷ್ಟು ಸಣ್ಣದಾಗಿ ಕೊರೆಯಬೇಕು. ಇಪ್ಪತ್ತೈದು ವರ್ಷ ಹಾಗೆಯೇ ಕೊರೆದಿದ್ದರು. ಹಾಗೆ ಕೊರೆಯುತ್ತಿದ್ದೇನೆಂದು ಅವರಿಗೇ ಗೊತ್ತಿರಲಿಲ್ಲ. ನಕ್ಷೆಯಲ್ಲಿ ಮೂರನ್ನೂ ಒಂದೇ ಅಳತೆಗೆ ಬರೆಸಿದ್ದರು.

ಬದುವಿನ ಮೇಲೆ ಕುಳಿತು ತಮ್ಮ ಬಲಗೈಯನ್ನೇ ನೋಡಿದರು. “ಈ ಹಲ್ಕಟ್ ಕೈ ನನಗ ಒಂದ ಮಾತು ಹೇಳಬಾರದಾ?” ಎಂದರು. ನಗು ಬಂದರೂ ನಾವು ಯಾರೂ ನಗಲಿಲ್ಲ. ಆಮೇಲೆ ಖಾದರಸಾಬರ ಕಡೆ ತಿರುಗಿ, “ನಿಮಗ ಸುಮ್ಮನ ಬೈದೆ, ತಪ್ಪಾತ್ರಿ,” ಎಂದರು.

ತಿದ್ದಿ ಬರೆದೆವು. ಅದೇ ಹೊಲದಲ್ಲಿ ಖಾದರಸಾಬರ ಎರಡನೆಯ ಕೂರಿಗೆ ಚೆನ್ನಾಗಿ ನಡೆಯಿತು. ಆದರೆ ಪರೀಕ್ಷೆಗೆಂದು ಹೊರಗಿನಿಂದ ಬಂದ ದೊಡ್ಡ ಮನುಷ್ಯರು ಹೊಲಕ್ಕೆ ಬರಲಿಲ್ಲ, ಕೂರಿಗೆ ಮುಟ್ಟಲೂ ಇಲ್ಲ. ಪುಟ ಎಣಿಸಿದರು. ಅಕ್ಷರ ಎರಡು ಕೈಯವು ಎಂದು ಅಂಕ ಕಡಿದು ಮೂರನೇ ದರ್ಜೆಯಲ್ಲಿ ಪಾಸು ಮಾಡಿದರು.

ಅಷ್ಟಾದರೂ ಆಯಿತಲ್ಲ ಎಂದುಕೊಂಡರೆ, ಮುಂದಿನ ತಿಂಗಳೇ ಹಿರೇಕೆರೂರಿನ ಕಡೆಯ ಶಾಲೆಗೆ ವರ್ಗವಾಯಿತು. ಅಲ್ಲಿ ಒಂದು ಗರಗಸ ಕೂಡ ಇರಲಿಲ್ಲ; ಇದ್ದದ್ದು ತಕಲಿ ಮತ್ತು ಹತ್ತಿ. ಉನ್ನತ ತರಬೇತಿ ಪಡೆದ ಬಡಿಗ ನಾಲ್ಕು ವರ್ಷ ಮಕ್ಕಳೊಂದಿಗೆ ಕುಳಿತು ನೂಲು ತೆಗೆದರು. ದಾರವೂ ಅವರ ಮಾತು ಕೇಳುತ್ತಿರಲಿಲ್ಲವಂತೆ, ಪದೇ ಪದೇ ಹರಿಯುತ್ತಿತ್ತಂತೆ. ಏಳು ಅರ್ಜಿ ಬರೆದುಕೊಟ್ಟೆ. ಏಳನೆಯದಕ್ಕೆ ೧೯೬೪ರಲ್ಲಿ ಶಿಗ್ಗಾವಿಗೆ ಮರಳಿ ಬಂದರು.

ಬಂದ ವಾರವೇ ಸವಣೂರಿಗೆ ಹೋಗಿ ಸಿಟ್ಟಾಗಿ ತಿರುಗಿ ಬಂದರು. ಅಷ್ಟು ದಿನದಲ್ಲಿ ಖಾದರಸಾಬರು ಆ ನಕ್ಷೆ ಹಿಡಿದು ಹನ್ನೊಂದು ಕೂರಿಗೆ ಮಾಡಿದ್ದರು, ಒಂದೂ ವಾಪಸು ಬಂದಿರಲಿಲ್ಲ.

“ಛಲೋ ಆತಲ್ಲರಿ,” ಎಂದೆ.

“ಏನ್ ಛಲೋ? ಬಟ್ಟಲಕ್ಕ ಮಂಚದ ಕಾಲಿನಂಗ ಬಣ್ಣ ಬಡದಾರ್ರಿ! ಕೆಂಪ ಬಣ್ಣ! ಕೂರಿಗಿಗೆ ಯಾರರ ಬಣ್ಣ ಬಡೀತಾರೇನ್ರಿ?”